ಉಪ್ಪಿಲ್ಲದ ವಾರ

ಕ್ಯಾಂಟೀನಿನ ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಯನ್ನು ತಂಗಿ ಇವತ್ತೂ ಅತ್ತ ಸರಿಸಿದಳು. ಸಪ್ಪೆ ಆಲೂಗಡ್ಡೆಯನ್ನು ಮುಖ ಕಿವುಚಿಕೊಂಡೇ ನುಂಗಿದಳು.

"ಬಾಯಿಗೆ ಹಾಕ್ಕೊಂಡಿದ್ದು ಬೆರಳಲ್ಲಿ ಬರುತ್ತೆ ಅಂತ ಯಾರೇ ಹೇಳಿದ್ದು ನಿಂಗೆ?" ಎಂದಳು ಅಕ್ಕ.

"ಬರಲ್ಲ ಅಂತಾನೂ ಯಾರೂ ಹೇಳಿಲ್ವಲ್ಲ."

ಇಬ್ಬರೂ ಚಿಪ್ ಕಾರ್ಖಾನೆಯ ಕುಲುಮೆ ಕೋಣೆಯಲ್ಲಿದ್ದರು. ಬಿಸ್ಕತ್ತಿನಗಲದ ಸಿಲಿಕಾನ್ ಬಿಲ್ಲೆಗಳನ್ನು ಇಕ್ಕಳದಲ್ಲಿ ಹಿಡಿದು, ಸ್ಫಟಿಕದ ತಟ್ಟೆಯ ಸೀಳುಗಳಲ್ಲಿ ನಿಲ್ಲಿಸಿ ಕುಲುಮೆಗೆ ಕಳಿಸಬೇಕು. ಆ ಕೆಲಸಕ್ಕೆ ಆಗಿನ್ನೂ ಯಂತ್ರ ಬಂದಿರಲಿಲ್ಲ. ತಂಗಿಯ ಗಂಡ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಾಗ ಅವಳನ್ನು ಅಲ್ಲಿಗೆ ಸೇರಿಸಿದ್ದು ಅಕ್ಕನೇ. ಈಗ ತಂಗಿಯ ಮನೆಯ ಒಲೆ ಹೊತ್ತುವುದು ಆ ಸಂಬಳದಲ್ಲೇ.

ಈಚೆಗೆ ಆ ಬಿಲ್ಲೆಗಳಿಂದಾಗುವ ಚಿಪ್‌ಗಳು ಪರೀಕ್ಷೆಯಲ್ಲಿ ಪಾಸಾಗಿ, ಮತ್ತೆ ಕಾಯಿಸಿದರೆ ಕೈಕೊಡುತ್ತಿದ್ದವು. ನೈಲಾನ್ ಕೈಗವಸಿನಿಂದ ಇಕ್ಕಳಕ್ಕೆ ಜಿನುಗಿ ಬಿಲ್ಲೆಗೆ ತಗಲುವ ಬೆವರಿನ ಉಪ್ಪು ಕಾರಣ ಎಂದರು ಇಂಜಿನಿಯರು. ಯಾರ ಕೈಯದೆಂದು ತಿಳಿಯಲು ಒಬ್ಬೊಬ್ಬರ ಬಿಲ್ಲೆಗಳನ್ನೂ ಬೇರೆಯಾಗಿ ಇರಿಸಿ ನೋಡಿದರು. ಕೆಟ್ಟಿದ್ದೆಲ್ಲ ತಂಗಿಯದೇ.

"ನೀನು ಕೈ ಅದ್ದಿದ್ರೆ ಅಡುಗೆಗೆ ಬೇರೆ ಉಪ್ಪು ಬೇಡ ಬಿಡೇ," ಎಂದು ಪಕ್ಕದ ಕುಲುಮೆಯವಳು ನಗೆಯಾಡಿದ್ದಳು. ಅಕ್ಕ ಇಂಜಿನಿಯರ ಕೈಕಾಲು ಹಿಡಿದು ಇನ್ನೊಂದು ವಾರದ ಅವಕಾಶ ಕೇಳಿಕೊಂಡಿದ್ದಳು. ಅಂದಿನಿಂದ ಈ ಪಥ್ಯ. ತೊಳೆದೂ ತೊಳೆದೂ ತಂಗಿಯ ಬೆರಳಸಂದುಗಳು ಬಿರಿದಿದ್ದವು. ಹೆದರಿದಷ್ಟೂ ಅಂಗೈ ಬೆವರುತ್ತಿತ್ತು.

ಆ ವಾರದ ಬಿಲ್ಲೆಗಳೂ ಕೆಟ್ಟವು. ವಾರ ಮುಗಿದಾಗ ಇಂಜಿನಿಯರು ಮೊದಲು ಅಕ್ಕನನ್ನೇ ಕರೆಸಿದರು. ರಬ್ಬರಿನ ಕೈಗವಸು ಕೊಟ್ಟು ನೋಡಬಾರದೇ ಎಂದು ಅವಳು ಕೇಳಿದಳು. ಅದರೊಳಗಿನ ಪುಡಿ ಬಿಲ್ಲೆಗೆ ಇನ್ನೂ ಅಪಾಯ ಎಂದರು. ಪ್ಯಾಕಿಂಗ್‌ಗಾದರೂ ಹಾಕಿ ಎಂದಳು. ಅಲ್ಲಿ ಇದ್ದವರನ್ನೇ ತೆಗೆಯುತ್ತಿದ್ದರು. ಮನುಷ್ಯ ಕೆಟ್ಟವರಲ್ಲ, ದನಿಯನ್ನೂ ಏರಿಸಲಿಲ್ಲ. ಬೈದಿದ್ದರೆ ಅಕ್ಕನಿಗೂ ಜಗಳಕ್ಕೊಂದು ದಾರಿ ಸಿಗುತ್ತಿತ್ತು.

"ಅವಳದೇನೂ ತಪ್ಪಿಲ್ಲಮ್ಮ," ಎಂದರು. "ತಪ್ಪಿದ್ದಿದ್ರೆ ತಿದ್ಕೋ ಅನ್ನಬಹುದಿತ್ತು."

ಹೊರಗೆ ಗೋಡೆಗೊರಗಿ ನಿಂತಿದ್ದ ತಂಗಿ ಅಕ್ಕನ ಮುಖ ನೋಡಿದಳು. ಏನನ್ನೂ ಕೇಳದೆ ತಲೆಯ ಟೋಪಿ ತೆಗೆದು, ನೀಟಾಗಿ ಮಡಿಸಿ, ಅಕ್ಕನ ಕೈಗಿಟ್ಟಳು.

"ಮನೇಲಿ ಇವರಿಗೆ ಏನಂತ ಹೇಳ್ಲಿ ಅಕ್ಕಾ? ಕೈ ಬೆವರ್ತು ಅಂತಲಾ?"

ಅಷ್ಟರಲ್ಲಿ ಪಾಳಿಯ ಗಂಟೆ ಹೊಡೆಯಿತು.

ಅಕ್ಕ ಒಳಗೆ ಬಂದು ಕೈಗವಸು ತೊಟ್ಟು ಇಕ್ಕಳದಲ್ಲಿ ಮೊದಲ ಬಿಲ್ಲೆ ಎತ್ತಿದಳು. ಬೆರಳ ತುದಿಗಳಲ್ಲಿ ಎಂದೂ ಇಲ್ಲದ ತೇವ. ಗಾಜಿನಾಚೆಯಿಂದ ಇಂಜಿನಿಯರು ನೋಡುತ್ತಿದ್ದರು. ಅವಳು ಬಿಲ್ಲೆಯನ್ನು ಸೀಳಿಗೆ ಇಳಿಸಲೂ ಇಲ್ಲ, ಕೆಳಗಿಡಲೂ ಇಲ್ಲ.