ಅತ್ತೆಯ ಮೂಗು

ಬೂದಿ ಬಸಿದ ನೀರು, ಕುರಿಬಾಲದ ಕೊಬ್ಬು, ಒಂದು ಹಿಡಿ ಉಪ್ಪು. ನಾರಿನ್ ಬೆಟ್ಟಸೀಮೆಯ ಹಳ್ಳಿಗಳಲ್ಲಿ ಕರಿ ಸೋಪು ಕುದಿಸುವುದಕ್ಕೆ ಇದಕ್ಕಿಂತ ಹೆಚ್ಚೇನೂ ಬೇಕಿರಲಿಲ್ಲ. ಬುರುಲ್ಚಾಗೆ ಮಾತ್ರ ಆ ಚಳಿಗಾಲ ಇಷ್ಟು ಸಾಲಲಿಲ್ಲ. ರಾಜಧಾನಿ ಬಿಶ್ಕೆಕ್‌ನಲ್ಲಿ ಅಂಗಡಿ ಇಟ್ಟಿದ್ದ ಮಹಾಬತ್ ಅವಳ ಸೋಪನ್ನು ಮೂಸಿ, "ನೊರೆ ಚೆನ್ನಾಗಿದೆ ಕಣಮ್ಮಾ. ಆದ್ರೆ ಕುರಿ ಪಕ್ಕದಲ್ಲೇ ನಿಂತ ಹಾಗಿದೆ. ಈ ವಾಸನೆ ಕಳೆದು ತಗೊಂಡ್ಬಾ, ಎಷ್ಟಿದ್ರೂ ತಗೋತೀನಿ" ಎಂದಿದ್ದಳು.

ಗಂಡ ಮಂದೆಯ ಜೊತೆ ಬೆಟ್ಟದ ದೊಡ್ಡಿಯಲ್ಲಿದ್ದ. ಮನೆಯಲ್ಲಿ ಅವಳು ಮತ್ತು ಅತ್ತೆ ತಾಜಿಕಾನ್ ಇಬ್ಬರೇ. ಬುರುಲ್ಚಾ ಕೊಬ್ಬನ್ನು ಉಪ್ಪುನೀರಿನಲ್ಲಿ ಮತ್ತೆ ಮತ್ತೆ ಕರಗಿಸಿ ಸೋಸಿದಳು. ಕಾಡುಪುದೀನ ಹಾಕಿದಳು. ಏಪ್ರಿಕಾಟ್ ಬೀಜದ ಎಣ್ಣೆ ಬೆರೆಸಿದರೆ ಸೋಪು ಬೆಣ್ಣೆಯಂತೆ ಮೆತ್ತಗಾಯಿತು. ಬೂದಿನೀರು ಹೆಚ್ಚಿಸಿದರೆ ಕೈ ಸುಲಿಯಿತು. ಒಲೆಯ ಮುಂದೆ ನಿಂತೂ ನಿಂತೂ ಅವಳ ಮೂಗಿಗೆ ಯಾವ ವಾಸನೆಯೂ ಹತ್ತದಂತಾಯಿತು. ನೆರೆಯವರನ್ನು ಕೇಳಿದರೆ, "ಎಲ್ಲಿ? ಏನೂ ಇಲ್ವಲ್ಲ" ಎನ್ನುತ್ತಿದ್ದರು. ಆದರೆ ಕುರಿಗಳ ನಡುವೆಯೇ ಬದುಕುವವರ ಮಾತನ್ನು ನಂಬುವುದು ಹೇಗೆ? ಅತ್ತೆಯ ಮೂಗು ಹಾಗಲ್ಲ. ಹಿಮ ಬೀಳುವುದನ್ನು ಹಿಂದಿನ ದಿನವೇ ಮೂಸಿ ಹೇಳುತ್ತಿದ್ದಳೆಂದು ಊರೇ ಮಾತಾಡುತ್ತಿತ್ತು.

ತಾಜಿಕಾನ್ ಪ್ರತಿಸಲವೂ ಸೋಪನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ನಿಧಾನವಾಗಿ ತಲೆಯಾಡಿಸುವಳು.

"ಇಲ್ಲ ಮಗಳೇ. ಕುರಿ ಇನ್ನೂ ಒಳಗೇ ಇದೆ."

"ಪುದೀನ ಹಾಕಿದ್ದೀನಲ್ಲ ಅಪಾ?" ಅತ್ತೆಯನ್ನು ಅವಳು ಅಮ್ಮ ಎಂಬರ್ಥದಲ್ಲಿ ಹಾಗೆಯೇ ಕರೆಯುತ್ತಿದ್ದಳು.

"ಹೌದು. ಪುದೀನ ತಿಂದ ಕುರಿ."

ಬುರುಲ್ಚಾ ಆ ಸೋಪನ್ನು ಅಟ್ಟಕ್ಕೆಸೆದು ಮತ್ತೆ ಬೂದಿ ನೆನೆಹಾಕುವಳು.

ಚಳಿಗಾಲದ ಕೊನೆಯಲ್ಲಿ ಒಂದು ಬೆಳಿಗ್ಗೆ, ಒಲೆಯ ಮೇಲೆ ಕೊಬ್ಬಿಟ್ಟು, ಸೀದೀತು, ನೋಡಿಕೊಳ್ಳಿ ಎಂದು ಅತ್ತೆಗೆ ಹೇಳಿ ನೀರಿಗೆ ಹೋದಳು. ನಲ್ಲಿ ಹೆಪ್ಪುಗಟ್ಟಿದ್ದರಿಂದ ಹೊಳೆಯವರೆಗೂ ನಡೆಯಬೇಕಾಯಿತು. ತಿರುಗಿ ಬಂದರೆ ಸೀದ ಕೊಬ್ಬಿನ ಘಾಟು ಅಂಗಳದಲ್ಲೇ ಅವಳ ಸತ್ತ ಮೂಗಿಗೂ ಬಡಿಯಿತು. ಓಡಿ ಹೋಗಿ ಪಾತ್ರೆ ಇಳಿಸಿದಳು. ಅತ್ತೆ ತೆರೆದ ಬಾಗಿಲಿನಾಚೆ, ಒಲೆಗೆ ಬೆನ್ನು ಹಾಕಿ, ನೆಮ್ಮದಿಯಾಗಿ ಉಣ್ಣೆ ನೂಲುತ್ತಿದ್ದಳು.

"ಅಪಾ, ಮನೆಯೇ ಸೀದು ಹೋಗ್ತಿದೆ! ವಾಸನೆ ಬರ್ಲಿಲ್ವಾ?"

ಮುದುಕಿ ಒಲೆಯನ್ನು ನೋಡಿದಳು, ಆಮೇಲೆ ಸೊಸೆಯನ್ನು. ತಕಲಿ ನಿಂತಿತು.

"ನಂಗೆ ಆ ದೊಡ್ಡ ಜ್ವರ ಬಂತಲ್ಲ, ಆಗಿನಿಂದ ಮೂಗಿಗೆ ಏನೂ ಹತ್ತಲ್ಲ."

"ಮತ್ತೆ ಕುರಿ ಇದೆ, ಕುರಿ ಇದೆ ಅಂತಿದ್ರಲ್ಲ?"

"ನೀನು ಕೇಳ್ದೆ. ಈ ಮನೇಲಿ ನನ್ನನ್ನ ಯಾರು ಏನು ಕೇಳ್ತಾರೆ? ಚಹಾ ಬೇಕಾ ಅಂತ ಬಿಟ್ರೆ."

"ಚೆನ್ನಾಗಿದೆ ಅನ್ನಬಹುದಿತ್ತಲ್ಲ ಅಪಾ!"

"ಅಂದಿದ್ರೆ ಅವತ್ತಿಗೇ ನೀನು ಕೇಳೋದು ನಿಲ್ಲಿಸ್ತಿದ್ದೆ."

ಬುರುಲ್ಚಾ ಜಗಳವಾಡಬೇಕೆಂದು ಬಾಯಿ ತೆರೆದಳು. ಆದರೆ ಜಗಳಕ್ಕೂ ಶಕ್ತಿ ಬೇಕು. ಹೊಸ್ತಿಲ ಮೇಲೆ ಕುಸಿದು ಕೂತಳು. ಸ್ವಲ್ಪ ಹೊತ್ತಿನ ಮೇಲೆ ತಾಜಿಕಾನ್ ಬೆಣ್ಣೆ ತಂದು ಸೊಸೆಯ ಸುಲಿದ ಬೆರಳುಗಳಿಗೆ ಸವರಿದಳು. ಬುರುಲ್ಚಾ ಕೈ ಎಳೆದುಕೊಳ್ಳಲಿಲ್ಲ.

ಮರುವಾರ ಅಟ್ಟದಲ್ಲಿದ್ದ ಬಗೆಬಗೆಯ ಸೋಪುಗಳಲ್ಲಿ ಒಂದೊಂದನ್ನು ಕಟ್ಟಿಕೊಂಡು ಬಿಶ್ಕೆಕ್‌ಗೆ ಹೋದಳು. ಮಹಾಬತ್ ಎಲ್ಲವನ್ನೂ ಮೂಸಿ ಒಂದನ್ನು ಎತ್ತಿಕೊಂಡಳು. "ಇದೇ! ಇದನ್ನ ಯಾಕೆ ಮೊದಲೇ ತರ್ಲಿಲ್ಲ?" ಅದು ಮೊದಲ ಹಿಮಕ್ಕೂ ಮುಂಚೆ ಮಾಡಿದ ಪುದೀನದ ಸೋಪು. ಬುರುಲ್ಚಾ ಉಳಿದವನ್ನು ಮತ್ತೆ ಗಂಟು ಕಟ್ಟಿದಳು. ಮನೆಗೆ ಹೋಗುವ ವ್ಯಾನಿನಲ್ಲಿ ಕಿಟಕಿಗೆ ತಲೆ ಆನಿಸಿ, ಕಣಿವೆ ದಾಟಿದ್ದೂ ತಿಳಿಯದಂತೆ ನಿದ್ದೆಹೋದಳು.

ವಸಂತದಲ್ಲಿ ಅದೇ ಹದದ ಸೋಪನ್ನು ಹಲಗೆಯ ಮೇಲೆ ಒಣಹಾಕಿದಾಗ, ಅತ್ತೆ ತಾನಾಗಿ ಬಂದು ಒಂದು ತುಂಡಿಗೆ ನಾಲಿಗೆ ತಾಗಿಸಿದಳು.

"ಚುರ್ ಅಂತಿದೆ. ಬೂದಿನೀರಿನ ಖಾರ ಹೋಗಿಲ್ಲ. ಇನ್ನಷ್ಟು ದಿನ ಬಿಡು."

ಬುರುಲ್ಚಾ ಅವಳ ಮುಖ ನೋಡಿದಳು. ತಾನೂ ಅದೇ ತುಂಡನ್ನು ನೆಕ್ಕಿ ನೋಡಿದಳು. ನಾಲಿಗೆ ನಿಜಕ್ಕೂ ಚುರುಗುಟ್ಟಿತು.

"ಸರಿ ಅಪಾ. ಯಾವತ್ತು ಆಯ್ತು ಅಂತ ನೀವೇ ಹೇಳಿ," ಎಂದು ಪಕ್ಕದ ಚಾಪೆಯ ಮೇಲೆ ಹಾಗೇ ಮಲಗಿಬಿಟ್ಟಳು.