ವಾರಸುದಾರರ ಅರ್ಜಿ

ಸಿರಿಯಾದ ಹೋಮ್ಸ್‌ನಲ್ಲಿ ನಮ್ಮ ಹಳೆಯ ಬೀದಿಯನ್ನು ಕೆಡವಿ ಬಹುಮಹಡಿ ಕಟ್ಟುತ್ತಾರಂತೆ. ಮೂವತ್ತು ದಿನದೊಳಗೆ ಹಕ್ಕು ತೋರಿಸದ ಮನೆ ಸರ್ಕಾರದ್ದು ಎಂದು ನೋಟಿಸು ಅಂಟಿಸಿದ್ದರು. ಮನೆಯೆಂದರೆ ಈಗ ಮೂರು ಗೋಡೆ. ಯುದ್ಧ ನಮಗೆ ಉಳಿಸಿದ ಆಸ್ತಿ ಅದೊಂದೇ. ಪತ್ರ ಅಪ್ಪನ ಹೆಸರಲ್ಲಿತ್ತು. ಅಪ್ಪನನ್ನು ಚೆಕ್‌ಪೋಸ್ಟಿನಲ್ಲಿ ಸೈನಿಕರು ಬಸ್ಸಿನಿಂದ ಇಳಿಸಿಕೊಂಡು ಹೋಗಿ ಆರು ವರ್ಷ.

ಕುಟುಂಬದ ದಾಖಲೆ ತರಲು ನೋಂದಣಿ ಕಚೇರಿಗೆ ಹೋದೆ. ಗುಮಾಸ್ತ ಕೊಟ್ಟ ಹಾಳೆಯಲ್ಲಿ ಅಪ್ಪನ ಹೆಸರಿತ್ತು: ಮುನೀಬ್. ಮುಂದೆ 'ಮೃತ' ಎಂದು, ಮೂರು ವರ್ಷದ ಹಿಂದಿನ ತಾರೀಕು. ತಪ್ಪಿರಬೇಕು ಎಂದೆ, ನನಗೇ ಕೇಳಿಸದಷ್ಟು ಮೆಲ್ಲಗೆ.

"ತಪ್ಪು ಮಾಡೋಷ್ಟು ಬುದ್ಧಿ ನಮ್ಮ ಪ್ರಿಂಟರ್‌ಗಿಲ್ಲ ತಂಗಿ," ಎಂದ. "ಎಲ್ಲಿ, ಹೇಗೆ ಅಂತ ಕೇಳ್ಬೇಡ. ಈ ಹಾಳೆ ಇದ್ರೆ ಮನೆ ಸಿಗುತ್ತೆ."

ಅರ್ಜಿಗೆ ಹೆಂಡತಿಯೇ ಬಂದು ಸಹಿ ಹಾಕಬೇಕು. ಅಮ್ಮನಿಗೆ ಹೇಳಿದರೆ, ಸುದ್ದಿ ಕೇಳಿದ ದಿನದಿಂದಲೇ ಇದ್ದತ್ತಿಗೆ, ಗಂಡ ಸತ್ತವಳ ಶೋಕಕ್ಕೆ, ಕೂರುತ್ತಾಳೆ. ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವುದಿಲ್ಲ, ಪರಗಂಡಸರ ಎದುರು ಬರುವುದಿಲ್ಲ. ಗಡುವಿಗೆ ಉಳಿದದ್ದು ಹನ್ನೊಂದು ದಿನ. ಹಾಳೆಯನ್ನು ನನ್ನ ಪದವಿ ಪತ್ರದ ಕೆಳಗೆ ಇಟ್ಟೆ. ದಿನವೂ ಹೇಳಲೆಂದು ಬಾಯಿ ತೆರೆದು, ಉಪ್ಪಿದೆಯಾ ಎಂದೋ ಏನೋ ಕೇಳಿಬಿಡುತ್ತಿದ್ದೆ.

ಕೊನೆಯ ದಿನ ಅಮ್ಮನ ಕನ್ನಡಕವನ್ನು ಮರೆತವಳಂತೆ ನಾವಿದ್ದ ಬಾಡಿಗೆ ಕೋಣೆಯಲ್ಲೇ ಬಿಟ್ಟು ಅವಳನ್ನು ಕಚೇರಿಗೆ ಕರೆದೊಯ್ದೆ. 'ವಿಧವೆ' ಎಂದು ಅಚ್ಚಾದ ಕಡೆ ಬೆರಳಿಟ್ಟು ತೋರಿಸಿದೆ. ಸಹಿ ಹಾಕಿದಳು. ಅವಳು ಬೆಂಚಿಗೆ ಹೋದ ಮೇಲೆ ಗುಮಾಸ್ತ ನನಗೊಬ್ಬಳಿಗೇ ಹೇಳಿದ: ಭಾನುವಾರ ಅಧಿಕಾರಿ ನೀವಿರುವ ಕೋಣೆಗೇ ಬಂದು ವಿಚಾರಿಸುತ್ತಾರೆ, ವಿಧವೆ ಎದುರಿಗಿದ್ದು ಉತ್ತರ ಹೇಳದಿದ್ದರೆ ಅರ್ಜಿ ವಜಾ.

ಭಾನುವಾರ ಅಧಿಕಾರಿ ಬರುತ್ತಾರೆ ಎಂದಷ್ಟೇ ಅಮ್ಮನಿಗೆ ಹೇಳಿದೆ. ದಾರಿಯಲ್ಲಿ ಅವಳು ಹಗುರಾಗಿದ್ದಳು. "ಇನ್ನು ನಿಮ್ಮಪ್ಪ ಬಂದ್ರೆ ಮನೆ ಯಾವುದು ಅಂತ ಬೀದಿಬೀದಿ ಸುತ್ಬೇಕಾಗಿಲ್ಲ ನೋಡು."

ಭಾನುವಾರ ಬೆಳಿಗ್ಗೆ ಅವಳು ಕಾಡಿಗೆ ಹಚ್ಚಿ, ಹಸಿರು ಶಾಲು ಹೊದ್ದು, ಪಕ್ಕದ ಮನೆಯಿಂದ ಸಕ್ಕರೆ ಕೇಳಿ ತಂದಿದ್ದಳು. ಅಧಿಕಾರಿಗಳ ನಾಲಿಗೆ ಮೊದಲೇ ಕಹಿ, ಕಾಫಿಗೆ ಎರಡು ಚಮಚ ಜಾಸ್ತಿಯೇ ಇರಲಿ ಎಂದು ನಗುತ್ತಿದ್ದಳು. ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಸಿತು. ಅಪ್ಪನ ಸುದ್ದಿಯನ್ನು ಅಧಿಕಾರಿಯ ಬಾಯಿಂದ ಅವಳು ಕೇಳಬಾರದು. ಚಮಚ ಹಿಡಿದ ಅವಳ ಕೈ ಹಿಡಿದುಕೊಂಡೆ.

"ಸಕ್ಕರೆ ಬೇಡಮ್ಮ."

ನಮ್ಮಲ್ಲಿ ಬಂದವರಿಗೆ ಸಪ್ಪೆ ಕಾಫಿ ಕೊಡುವುದು ಸಾವಾದ ಮನೆಯಲ್ಲಿ. ಅಮ್ಮ ನನ್ನ ಮುಖವನ್ನೇ ನೋಡಿದಳು.

"ಎಷ್ಟು ದಿನದಿಂದ ಗೊತ್ತು ನಿನಗೆ?"

ಬಾಗಿಲು ತಟ್ಟಿದರು. ಅಮ್ಮ ಒಲೆ ಆರಿಸಿ, ಶಾಲು ತೆಗೆದಿಟ್ಟು, ಗೋಡೆಯ ಕಡೆ ಮುಖ ಮಾಡಿ ಕೂತಳು.

"ಈ ಮನೆಯವಳು ಇದ್ದತ್ತಿನಲ್ಲಿದ್ದಾಳೆ, ಯಾರ ಎದುರಿಗೂ ಬರಲ್ಲ ಅಂತ ಹೇಳು ಹೋಗು."

ಮತ್ತೆ ತಟ್ಟಿದರು, ಈ ಸಲ ಜೋರಾಗಿ.