ಹಳದಿ ಪಟ್ಟಿಯ ಕೆಚ್ಚು

ಪಟ್ಟಿಯ ಮೇಲೆ ಹರಿದಾಡುತ್ತಿದ್ದ ಶಿವಗಂಗವ್ವನ ಹೆಬ್ಬೆರಳು ಒಂದು ಕಡೆ ತಟ್ಟನೆ ನಿಂತಿತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಹಳದಿ ನೂಲಿನ ಪಟ್ಟಿ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಇತ್ತು. ಆದರೆ ಐವತ್ತು ವರ್ಷ ಬನಹಟ್ಟಿಯ ಮಗ್ಗಗಳಿಗೆ ಕೆಚ್ಚು ಹಚ್ಚಿದ ಬೆರಳದು. ತೀರಿದ ಹಾಸಿನ, ಮಗ್ಗದ ಉದ್ದನೂಲಿನ, ಒಂದೊಂದು ಎಳೆಗೂ ಹೊಸ ಹಾಸಿನ ಎಳೆಯನ್ನು ಬೂದಿ ಮುಟ್ಟಿ ಹೊಸೆದು ಕೂಡಿಸುವುದೇ ಅದರ ಕೆಲಸ. ತಾನು ಹೊಸೆದದ್ದನ್ನು ಗುರುತಿಸದೆ ಬಿಟ್ಟೀತೆ?

ಜಮಖಂಡಿ ರಸ್ತೆಯ ಆ ತಗಡಿನ ಶೆಡ್ಡಿನ ನಡುವೆ ಆಳೆತ್ತರದ ದುಂಡನೆಯ ಡಬ್ಬಿ ನಿಂತಿತ್ತು. ಆಕಾಶದಲ್ಲಿ ಸುತ್ತುವ ನಿಲ್ದಾಣದವರಿಗೆ ನೀರು, ಊಟ, ಸಾಮಾನು ಒಯ್ದು ಇಳಿಸಿ, ತಿರುಗಿ ಬಂದು, ಮತ್ತೆ ತುಂಬಿಕೊಂಡು ಹೋಗುವ ಡಬ್ಬಿ. ಅದರೊಳಗಿನ ಚೀಲಗಳನ್ನು ಗೋಡೆಗೆ ಬಿಗಿಯುವ ಪಟ್ಟಿಗಳನ್ನು ಅವಳ ಮಗ ಈಶ್ವರ ನೇಯ್ದಿದ್ದ. ಅಷ್ಟು ಕಡಿಮೆ ನೂಲಿಗೆ ದೊಡ್ಡ ಗಿರಣಿಯವರು ಯಂತ್ರ ಹೂಡುವುದಿಲ್ಲವೆಂದು ಡಬ್ಬಿ ಕಟ್ಟುವ ಕಂಪನಿ ಅವನ ಕೈಮಗ್ಗ ಹುಡುಕಿಕೊಂಡು ಬಂದಿತ್ತು. ಗಡಗಡ ನಡುಗಿಸುವ ಪರೀಕ್ಷೆಯಲ್ಲಿ ಡಬ್ಬಿ ಪಾಸಾಗಿದೆ, ನೋಡಲು ಬನ್ನಿ ಎಂದು ಇಂಜಿನಿಯರ್ ನಂದಕಿಶೋರ ತಾಯಿ ಮಗ ಇಬ್ಬರನ್ನೂ ಕರೆಸಿದ್ದ. ಮರುದಿನ ಅದು ಲಾರಿ ಏರಲಿತ್ತು.

ಶಿವಗಂಗವ್ವ ಮಗನ ಮುಖ ನೋಡಿದಳು. ಈಶ್ವರ ನೆಲ ನೋಡಿದ. ಕೆಚ್ಚು ಹಚ್ಚಿದ ದಿನವೇ ಅವಳು ಹೇಳಿದ್ದಳು: ಇದು ಸೀರೆಯಲ್ಲ, ಈ ನೂಲು ಜಾರುತ್ತದೆ, ಕೂಡಿಸಿದ ಜಾಗದ ಆಚೆ ಈಚೆ ಒಂದು ಮೊಳ ಕತ್ತರಿಸಿ ಒಗೆ ಎಂದು. ಕಡೆಯ ಪಟ್ಟಿಗೆ ಮೊಳ ಕಡಿಮೆ ಬಿದ್ದಿರಬೇಕು. ಕೆಚ್ಚಿನ ಮೇಲೆಯೇ ನೇಯ್ದುಬಿಟ್ಟಿದ್ದ.

"ಸಾಹೇಬ್ರ, ಈ ಪಟ್ಟಿ ಬಿಚ್ರಿ."

ನಂದಕಿಶೋರ ನಕ್ಕ. ಎಲ್ಲ ಪಟ್ಟಿಗಳೂ ತಡೆದಿವೆ, ಕಾಗದಕ್ಕೆ ಸಹಿಯೂ ಬಿದ್ದಿದೆ ಎಂದು ಸಣ್ಣ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದ. "ಒಮ್ಮೆ ತಡದದ್ದು ಮತ್ತ ತಡೀತದ, ಆಯಿ. ಇದು ಹತ್ತು ಸಲ ಹೋಗಿ ಬರೂದದ."

"ಒಂದೊಂದು ಸಲ ಜಗ್ಗಿದಾಗೂ ಕೂದಲಷ್ಟು ಜಾರತೈತ್ರಿ. ಹೊರಗ ಕಾಣಂಗಿಲ್ಲ. ಮ್ಯಾಲ ಕುಂತಾವ್ರು ನೀರಿನ ದಾರಿ ನೋಡಾಕತ್ತಿರತಾರ, ಚೀಲ ಒಳಗ ಗ್ವಾಡಿ ಒಡ್ಯಾಕತ್ತಿರತೈತಿ. ಆವಾಗ ನಿಮ್ಮ ಸಹಿ ಹಿಡಕೊಂತೈತೇನ್ರಿ ಅದನ್ನ?"

ಈಶ್ವರ ಅವಳ ಮೊಣಕೈ ಹಿಡಿದ. "ಸುಮ್ನಿರ ಬೇ ಯವ್ವಾ. ಮುಂದಿನ ಕೆಲಸಾನೂ ನಮಗ ಕೊಡೂರದಾರ."

ಅವಳ ಎದೆಯಲ್ಲಿ ಭುಗಿಲ್ ಎಂದದ್ದು ಆಗಲೇ. ಕೈ ಕೊಡವಿಕೊಂಡಳು. "ನೇಯ್ದಾಂವ ನೀನು. ಕೆಚ್ಚು ನಂದ್ಲೇ, ನಂದು."

ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದಳು. ಪಟ್ಟಿಯ ಅಂಚಿನ ಒಂದು ಎಳೆಯನ್ನು ಅದರ ಮೊನೆಯಿಂದ ಎತ್ತಿ, ಎರಡು ಬೆರಳಲ್ಲಿ ಹಿಡಿದು ಎಳೆದಳು. ಗೇಣುದ್ದ ಬರುವ ಮೊದಲೇ ತುದಿ ಕಳಚಿ ಕೈಗೆ ಬಂತು. ಆ ತುದಿ ಬೂದಿಯಿಂದ ಕಪ್ಪಾಗಿತ್ತು. ಇನ್ನೊಂದು ಎತ್ತಿದಳು. ಅದೂ ಬಂತು. ಮೂರನೆಯದನ್ನು ನಂದಕಿಶೋರನ ಕೈಗೇ ಕೊಟ್ಟಳು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಅವನು ನಗಲಿಲ್ಲ.

ಲಾರಿ ಹೊರಡುವ ದಿನ ಮುಂದಕ್ಕೆ ಹೋಯಿತು. ಮೂರು ದಿನದಲ್ಲಿ ಆ ಪಟ್ಟಿ ಹೊಸದಾಗಿ ನೇಯ್ದು ಕೊಡಬೇಕು ಎಂದು ನಂದಕಿಶೋರ ಈಶ್ವರನಿಗೆ ಹೇಳಿದ. ಮುಂದಿನ ಕೆಲಸದ ಮಾತು ಎತ್ತಲಿಲ್ಲ. ಬಸ್ಸಿನಲ್ಲಿ ತಾಯಿ ಮಗ ಬೇರೆ ಬೇರೆ ಸೀಟಿನಲ್ಲಿ ಕುಳಿತು ಬನಹಟ್ಟಿಗೆ ಬಂದರು.

ಬಿಚ್ಚಿಸಿಕೊಂಡು ತಂದ ಪಟ್ಟಿಯನ್ನು ಶಿವಗಂಗವ್ವ ಅಂಗಳದ ಗೂಟಕ್ಕೆ ಬಿಗಿದು, ಇನ್ನೊಂದು ತುದಿಯನ್ನು ಆಡಿನ ಕೊರಳಿಗೆ ಕಟ್ಟಿದಳು. ಈಶ್ವರ ಮಗ್ಗದ ಕುಣಿಯಲ್ಲಿ ಕುಳಿತರೆ ಕಿಟಕಿಯಲ್ಲಿ ಅದೇ ಕಾಣುತ್ತಿತ್ತು. ಆಡು ಬೇಲಿಯ ಹಸಿರಿಗೆ ಜಗ್ಗುತ್ತಿತ್ತು. ಪಟ್ಟಿ ತಡೆಯುತ್ತಿತ್ತು. ಮೊದಲ ದಿನ ತಡೆಯಿತು. ಎರಡನೆಯ ದಿನವೂ ತಡೆಯಿತು. ತಾಯಿಯ ಹಟಕ್ಕೆ ಅವನೊಳಗೆ ಸಿಟ್ಟು ಏರುತ್ತಲೇ ಇತ್ತು. ಲಾಳಿಯ ಸಪ್ಪಳದಲ್ಲೇ ಅದು ಓಣಿಗೆಲ್ಲ ಕೇಳುತ್ತಿತ್ತು.

ಮೂರನೆಯ ದಿನ ಬೆಳಗ್ಗೆ ಆಡು ಪಕ್ಕದ ಮನೆಯ ಹಿತ್ತಲಲ್ಲಿ ನುಗ್ಗೆ ಸೊಪ್ಪು ಮೇಯುತ್ತಿತ್ತು. ಅರ್ಧ ಪಟ್ಟಿ ಕೊರಳಿನಿಂದ ನೆಲಕ್ಕೆ ಎಳೆದಾಡುತ್ತಿತ್ತು. ಈಶ್ವರ ಗೂಟದ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ಉಳಿದರ್ಧ ಕೈಗೆತ್ತಿಕೊಂಡ. ನೂರಾರು ತುದಿಗಳು, ಒಂದೂ ಹರಿದಿರಲಿಲ್ಲ. ಎಲ್ಲವೂ ಜಾರಿ ಬಿಚ್ಚಿಕೊಂಡಿದ್ದವು. ಅವುಗಳ ಬೂದಿ ಅವನ ಅಂಗೈಗೆ ಹತ್ತಿತು. ಒಳಗೆ ಶಿವಗಂಗವ್ವ ರೊಟ್ಟಿ ಬಡಿಯುವ ಸಪ್ಪಳ ನಿಲ್ಲಲಿಲ್ಲ.